ಚೊಗರಿನ ಬಣ್ಣದ ಪಾಕ

ಅಡಿಕೆ ಬೇಯಿಸಿದ ಹಂಡೆಯಲ್ಲಿ ಉಳಿಯುವ ಚೊಗರಿನ ಬಣ್ಣವನ್ನು ಸಾಗರ, ಹೊಸನಗರ, ತೀರ್ಥಹಳ್ಳಿಯ ಹೆಂಗಸರಿಗೆ ಯಾರೂ ವರ್ಣಿಸಿ ಹೇಳಬೇಕಾಗಿಲ್ಲ. ಸೀರೆಗೆ ತಾಗಿದರೆ ಎಷ್ಟು ಒಗೆದರೂ ಹೋಗದ ಬಣ್ಣ ಅದು. ಕಳೆದ ಯುಗಾದಿಯ ಹಿಂದಿನ ದಿನ ತೀರ್ಥಹಳ್ಳಿಯ ನಮ್ಮ ಅಡುಗೆಮನೆಯಲ್ಲಿ ಖರ್ಜೂರದ ಪಾಕ ಕಾಯಿಸುತ್ತಿದ್ದಾಗ ಬಾಣಲೆಯಲ್ಲಿ ಅದೇ ಬಣ್ಣ ಕಂಡಿತು. ತವರಿನ ಅಂಗಳ ನೆನಪಾಯಿತು.

ನಾನು ಮಾಡುತ್ತಿದ್ದುದು ಯೆಹೂದ್ಯರ ಪೆಸಾಹ್ ಹಬ್ಬದ ಹರೋಸೆತ್. ತಮ್ಮ ಪೂರ್ವಜರು ಈಜಿಪ್ಟಿನಲ್ಲಿ ಗುಲಾಮರಾಗಿ ಇಟ್ಟಿಗೆ ಮಾಡುತ್ತಿದ್ದರು, ದೇವರು ಅವರನ್ನು ಬಿಡಿಸಿದ ಎಂಬ ನಂಬಿಕೆಯ ಹಬ್ಬ. ಅದೂ ನಮ್ಮ ಯುಗಾದಿಯ ಆಸುಪಾಸಿನಲ್ಲೇ, ಮಾರ್ಚ್-ಏಪ್ರಿಲ್‌ನಲ್ಲಿ ಬರುತ್ತದೆ. ಹರೋಸೆತ್ ಎಂದರೆ ಆ ಇಟ್ಟಿಗೆಯ ಮಣ್ಣಿನ ನೆನಪು. ಕಹಿ ಸೊಪ್ಪನ್ನು ಈ ಸಿಹಿಯಲ್ಲಿ ಅದ್ದಿ ತಿನ್ನುತ್ತಾರೆ. ಬೇವು-ಬೆಲ್ಲ ತಿನ್ನುವ ನಮಗೆ ಇದರಲ್ಲಿ ಹೊಸತೇನಿದೆ ಅನ್ನಿಸಬಹುದು. ಹೊಸತಿರುವುದು ಹಬ್ಬದೂಟಕ್ಕೆ ಕುಳಿತು ಮಕ್ಕಳಿಗೆ ‘ನಾವು ಗುಲಾಮರಾಗಿದ್ದೆವು’ ಎಂದು ಕಥೆ ಹೇಳುವುದರಲ್ಲಿ.

ಯೂರೋಪಿನವರು ಇದನ್ನು ಸೇಬು, ಅಕ್ರೋಟು, ದಾಲ್ಚಿನ್ನಿ ಹಾಕಿ ಮಾಡಿದರೆ, ಇರಾಕಿನವರಿಗೂ ನಮ್ಮ ದೇಶದ ಯೆಹೂದ್ಯರಿಗೂ ಖರ್ಜೂರವೇ ಮುಖ್ಯ. ಅರ್ಧ ಕಿಲೋ ಖರ್ಜೂರದ ಬೀಜ ತೆಗೆದು ರಾತ್ರಿ ನೀರಿನಲ್ಲಿ ನೆನೆಹಾಕಿದೆ. ಬೆಳಿಗ್ಗೆ ಅದೇ ನೀರಿನಲ್ಲಿ ಬೇಯಿಸಿ, ತೆಳುಬಟ್ಟೆಯಲ್ಲಿ ಹಿಂಡಿ, ಬಂದ ರಸವನ್ನು ಸಣ್ಣ ಉರಿಯಲ್ಲಿ ಜೇನಿನ ಹದಕ್ಕೆ ತಂದೆ. ಆರಿದ ಮೇಲೆ ಕುಟ್ಟಿದ ಅಕ್ರೋಟು ಉದುರಿಸಿದೆ. ಸಕ್ಕರೆ ಬೇಡವೇ ಬೇಡ.

ಈ ಹಬ್ಬಕ್ಕೂ ನಮ್ಮ ಘಟ್ಟದ ಕೆಳಗಿನ ಊರಿಗೂ ಹಳೆಯ ನಂಟಿದೆ. ಅಮಿತಾವ್ ಘೋಷ್ ೧೯೯೨ರಲ್ಲಿ ಪ್ರಕಟಿಸಿದ ‘ಇನ್ ಆನ್ ಆಂಟೀಕ್ ಲ್ಯಾಂಡ್’ ಓದಿದವರಿಗೆ ಅಬ್ರಹಾಂ ಬೆನ್ ಯಿಜು ಗೊತ್ತು. ಟುನೀಶಿಯಾ ಕಡೆಯ ಈ ಯೆಹೂದಿ ವ್ಯಾಪಾರಿ ೧೧೩೨ರ ಹೊತ್ತಿಗೆ ನಮ್ಮ ಪಡುವಣ ಕರಾವಳಿಗೆ ಬಂದು, ಹೆಚ್ಚು ಕಾಲ ಮಂಗಳೂರಿನಲ್ಲಿದ್ದು, ೧೧೪೯ರಲ್ಲಿ ಏಡನ್‌ಗೆ ಮರಳಿದ. ಇಲ್ಲಿಂದ ಮೆಣಸು, ಅಡಿಕೆ, ಕಬ್ಬಿಣ ಕಳಿಸುತ್ತಿದ್ದ. ಅಲ್ಲಿನ ಗೆಳೆಯರು ಅವನ ಮನೆಗೆ ಸಕ್ಕರೆ, ಒಣದ್ರಾಕ್ಷಿ, ಬರೆಯಲು ಕಾಗದ ಕಳಿಸುತ್ತಿದ್ದರು. ದೇವರ ಹೆಸರಿರುವ ಕಾಗದ ನಾಶಮಾಡಬಾರದೆಂದು ಹಳೆಯ ಕೈರೋದ ಸಿನಗಾಗ್‌ನಲ್ಲಿ ಪತ್ರಗಳನ್ನು ತುಂಬಿಡುತ್ತಿದ್ದುದರಿಂದ ಈ ಸಂಗತಿಗಳು ಉಳಿದವು. ಅಷ್ಟು ಧರ್ಮನಿಷ್ಠನ ಮಂಗಳೂರಿನ ಮನೆಯಲ್ಲಿ ಪೆಸಾಹ್ ಆಗದೆ ಇದ್ದೀತೆ?

ಹಾಗಾದರೆ ಗುಲಾಮಗಿರಿಯ ಕಥೆ ಹೇಳುವಾಗ ಮನೆಯೊಳಗೇ ಗುಲಾಮನೊಬ್ಬನಿದ್ದ. ಅವನ ಹೆಸರು ಬೊಮ್ಮ, ಆ ಹೆಸರು ತುಳುನಾಡಿನದು ಎನ್ನುತ್ತಾರೆ ಘೋಷ್. ಬೆನ್ ಯಿಜು ಆಶು ಎಂಬ ಗುಲಾಮ ಹೆಣ್ಣನ್ನು ೧೧೩೨ರಲ್ಲಿ ಬಿಡುಗಡೆ ಮಾಡಿದ ಪತ್ರವಿದೆ. ಅವನ ಮಕ್ಕಳಿಗೆ ತಾಯಿ ಅವಳೇ ಎಂಬುದು ವಿದ್ವಾಂಸರ ಅಭಿಪ್ರಾಯ. ಬೊಮ್ಮನಂತೂ ಒಡೆಯನ ಪ್ರತಿನಿಧಿಯಾಗಿ ಏಡನ್‌ವರೆಗೆ ವ್ಯಾಪಾರಕ್ಕೆ ಹೋಗಿಬಂದವನು. ಅಲ್ಲಿನ ವರ್ತಕರು ಪತ್ರಗಳಲ್ಲಿ ಅವನಿಗೂ ನಮಸ್ಕಾರ ತಿಳಿಸುತ್ತಿದ್ದರು. ಗುಲಾಮನಾದರೂ ಅವನ ಹೆಸರು ಉಳಿಯಿತು.

ಪಾಕ ಕೈಯಾಡಿಸುತ್ತ ನನಗೆ ನೆನಪಾದದ್ದು ಹೆಸರು ಉಳಿಯದ ಇನ್ನೊಬ್ಬ. ಹೊಸನಗರ ಸೀಮೆಯ ನಮ್ಮ ಅಜ್ಜನ ಮನೆಯಲ್ಲಿ ಅಡಿಕೆ ಹಂಡೆಯ ಒಲೆಗೆ ಬೆಂಕಿ ಹಾಕುತ್ತಿದ್ದ ಜೀತದಾಳು. ಅವನ ಅಪ್ಪ ಮಾಡಿದ ಸಾಲಕ್ಕೆ ಅವನು ದುಡಿಯುತ್ತಿದ್ದ. ನಾವು ಮಕ್ಕಳು ಅವನ ಹೆಗಲೇರಿ ಆಡಿದವರು. ಆದರೂ ಅವನಿಗೆ ಊಟ ಹೊರಜಗಲಿಯಲ್ಲಿ. ದೊಡ್ಡಮ್ಮನಿಗೆ ಫೋನು ಮಾಡಿ ಅವನ ಹೆಸರೇನೆಂದು ಕೇಳಿದೆ. ‘ಹಂಡೆ ಆಳು ಅಂತಿದ್ರು ಕಣೇ, ಹೆಸರು ಯಾರಿಗೆ ಗೊತ್ತು?’ ಎಂದರು. ಅಜ್ಜನ ಲೆಕ್ಕದ ಪುಸ್ತಕದಲ್ಲಿಯೂ ಹುಡುಕಿಸಿದೆ. ಸಾಲದ ಮೊತ್ತ ಸಿಕ್ಕಿತು, ಎದುರಿಗೆ ‘ಆಳಿನ ಬಾಬ್ತು’ ಎಂದಷ್ಟೇ ಇತ್ತು.

ಜೀತಪದ್ಧತಿ ರದ್ದತಿ ಕಾಯಿದೆ ಬಂದದ್ದು ೧೯೭೬ರಲ್ಲಿ. ಅದಕ್ಕೂ ಕಾಲು ಶತಮಾನ ಮೊದಲು, ೧೯೫೧ರಲ್ಲಿ, ಸಾಗರ ತಾಲ್ಲೂಕಿನ ಕಾಗೋಡಿನ ಗೇಣಿದಾರರು ಸತ್ಯಾಗ್ರಹ ಹೂಡಿದ್ದರು. ಗೇಣಿ ಅಳೆಯುವ ಕೊಳಗದ ಅಳತೆಯ ಬಗೆಗೇ ಅವರ ತಕರಾರಿತ್ತು. ಲೋಹಿಯಾ ಬಂದು ಬಂಧನಕ್ಕೊಳಗಾದರು. ಇದನ್ನೆಲ್ಲ ವರ್ಷ ವರ್ಷ ತರಗತಿಯಲ್ಲಿ ಪಾಠ ಮಾಡಿದವಳು ನಾನು. ಆದರೆ ನನ್ನ ಅಜ್ಜನ ಹಂಡೆಯ ಕಥೆಯನ್ನು ಒಂದು ದಿನವೂ ಹೇಳಿರಲಿಲ್ಲ. ‘ನಾವು ಗುಲಾಮರಾಗಿದ್ದೆವು’ ಎನ್ನಲು ಧೈರ್ಯ ಬೇಕು, ನಿಜ. ‘ನಾವು ಜೀತಕ್ಕಿಟ್ಟುಕೊಂಡಿದ್ದೆವು’ ಎನ್ನಲು ಇನ್ನೂ ಹೆಚ್ಚು ಬೇಕು.

ಆ ಯುಗಾದಿಯಂದು ಬೇವು-ಬೆಲ್ಲದ ಜೊತೆಗೆ ಒಂದೊಂದು ಚಮಚ ಖರ್ಜೂರದ ಪಾಕವನ್ನೂ ಮಕ್ಕಳ ಅಂಗೈಗೆ ಹಾಕಿದೆ. ‘ಇದ್ಯಾಕಮ್ಮಾ ಚೊಗರಿನ ಹಾಗಿದೆ?’ ಎಂದಳು ಮಗಳು. ಕೂರಿಸಿಕೊಂಡು ಹೇಳಿದೆ.