ಜನಪ್ರಿಯ ಸಂಗೀತ ಮತ್ತು ಅಮೆರಿಕದ ಯುವಸಂಸ್ಕೃತಿ

ಅಮೆರಿಕ ಸಂಯುಕ್ತ ಸಂಸ್ಥಾನದ ಹದಿಹರೆಯದವರ ಉಡುಗೆ, ಕುಣಿತ, ಆಡುಮಾತುಗಳನ್ನು ಜನಪ್ರಿಯ ಸಂಗೀತ ರೂಪಿಸಿದ ಬಗೆಯ ಇತಿಹಾಸ. ಇದನ್ನು 1950ರ ದಶಕದ ರಾಕ್ ಅಂಡ್ ರೋಲ್‌ನಿಂದ ಆರಂಭಿಸುವುದು ವಾಡಿಕೆ. ಆದರೆ 1944ರ ಅಕ್ಟೋಬರ್ 12ರಂದೇ ಫ್ರಾಂಕ್ ಸಿನಾತ್ರನ ಹಾಡಿಗಾಗಿ ಸಾವಿರಾರು ಹುಡುಗಿಯರು ನ್ಯೂಯಾರ್ಕಿನ ಪ್ಯಾರಮೌಂಟ್ ಥಿಯೇಟರಿನ ಮುಂದೆ ಮುಗಿಬಿದ್ದಿದ್ದರು. ಗಿಡ್ಡ ಕಾಲುಚೀಲ ತೊಡುತ್ತಿದ್ದ ಇವರಿಗೆ ಬಾಬಿ ಸಾಕ್ಸರ್‌ಗಳೆಂಬ ಹೆಸರು ಬಿತ್ತು.

ರಾಕ್ ಅಂಡ್ ರೋಲ್ ಎಂಬ ಹೆಸರು ಕ್ಲೀವ್‌ಲ್ಯಾಂಡಿನ ರೇಡಿಯೊ ನಿರೂಪಕ ಅಲನ್ ಫ್ರೀಡ್‌ನ ಸೃಷ್ಟಿ ಎಂಬ ಮಾತು ಹಲವು ಪುಸ್ತಕಗಳಲ್ಲಿದೆ. ಇದು ಸರಿಯಲ್ಲ. 1934ರಲ್ಲೇ ಬಾಸ್‌ವೆಲ್ ಸೋದರಿಯರು ಇದೇ ಹೆಸರಿನ ಹಾಡು ಹಾಡಿದ್ದರು. ಕಪ್ಪು ಗಾಯಕಿ ಟ್ರಿಕ್ಸಿ ಸ್ಮಿತ್‌ಳ 1922ರ ಬ್ಲೂಸ್ ಹಾಡೊಂದರ ಶೀರ್ಷಿಕೆಯಲ್ಲಿ ಈ ಎರಡು ಪದಗಳೂ ಇವೆ. ಕಪ್ಪು ಜನರ ರಿದಮ್ ಅಂಡ್ ಬ್ಲೂಸ್‌ಗೆ ಈ ಹೆಸರು ಕೊಟ್ಟು ಬಿಳಿಯರ ಮನೆಮಕ್ಕಳಿಗೂ ಕೇಳಿಸಿದ್ದು ಫ್ರೀಡ್‌ನ ಕೆಲಸ. ಮೊದಲ ರಾಕ್ ರೆಕಾರ್ಡ್ ಯಾವುದೆಂಬ ವಾದವೂ ಬಗೆಹರಿದಿಲ್ಲ. ಮೆಂಫಿಸ್‌ನಲ್ಲಿ ಧ್ವನಿಮುದ್ರಿತವಾದ ‘ರಾಕೆಟ್ 88’ (1951) ಎಂಬುದು ಕೆಲವರ ಮತ. ಅದರ ಲೇಬಲ್ಲಿನ ಮೇಲೆ ಜಾಕಿ ಬ್ರೆನ್‌ಸ್ಟನ್‌ನ ಹೆಸರಿದ್ದರೂ ನುಡಿಸಿದ್ದು ಐಕ್ ಟರ್ನರ್‌ನ ತಂಡ. ಬಿಲ್ ಹೇಲಿಯ ‘ರಾಕ್ ಅರೌಂಡ್ ದ ಕ್ಲಾಕ್’ 1954ರಲ್ಲಿ ಹೊರಬಂದಾಗ ಹೇಳಿಕೊಳ್ಳುವಷ್ಟು ಓಡಲಿಲ್ಲ. ಮರುವರ್ಷ ‘ಬ್ಲ್ಯಾಕ್‌ಬೋರ್ಡ್ ಜಂಗಲ್’ ಚಲನಚಿತ್ರದ ಆರಂಭದಲ್ಲಿ ಕೇಳಿಸಿದ ಮೇಲೆ ಮೊದಲ ಸ್ಥಾನಕ್ಕೇರಿತು. ಈ ವಾದಕ್ಕಿಂತ ಹೆಚ್ಚಿನ ಮಹತ್ವ 1954ರ ಟ್ರಾನ್ಸಿಸ್ಟರ್ ರೇಡಿಯೊಗೆ ಸಲ್ಲಬೇಕು. ಹಾಡು ಹಜಾರದಿಂದ ಹೊರಟು ಹುಡುಗರ ಜೇಬು ಸೇರಿದ್ದು ಅದರಿಂದ.

ಎಲ್ವಿಸ್ ಪ್ರೆಸ್ಲಿ (1956) ಮತ್ತು ಬೀಟಲ್ಸ್ (1964) ಎಡ್ ಸಲಿವನ್‌ನ ಟಿವಿ ಕಾರ್ಯಕ್ರಮದಲ್ಲಿ ಕಾಣಿಸಿಕೊಂಡಿದ್ದು, 1969ರ ವುಡ್‌ಸ್ಟಾಕ್ ಉತ್ಸವ, 1981ರಲ್ಲಿ ಎಂಟಿವಿ ಆರಂಭವಾದದ್ದು ಎಲ್ಲ ಗ್ರಂಥಗಳಲ್ಲೂ ಸಿಗುವ ಸಂಗತಿಗಳು.

ಹಿಪ್ ಹಾಪ್‌ನ ಆರಂಭದ ದಾಖಲೆಗಳು ಬೆಳಕಿಗೆ ಬಂದದ್ದು ತಡವಾಗಿ. 1973ರ ಆಗಸ್ಟ್ 11ರಂದು ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ, 1520 ಸೆಜ್‌ವಿಕ್ ಅವೆನ್ಯೂ ವಸತಿ ಕಟ್ಟಡದಲ್ಲಿ, ಸಿಂಡಿ ಕ್ಯಾಂಬೆಲ್ ಎಂಬ ಹುಡುಗಿ ಶಾಲೆ ತೆರೆಯುವ ಮುನ್ನ ಹೊಸ ಬಟ್ಟೆಗೆ ದುಡ್ಡು ಹೊಂದಿಸಲು ಪಾರ್ಟಿ ನಡೆಸಿದಳು. ಕೈಬರಹದ ಆಹ್ವಾನ ಚೀಟಿಯ ಪ್ರಕಾರ ಪ್ರವೇಶಕ್ಕೆ ಹುಡುಗಿಯರು 25 ಸೆಂಟ್, ಹುಡುಗರು 50 ಸೆಂಟ್ ಕೊಡಬೇಕಿತ್ತು. ರೆಕಾರ್ಡ್ ಹಾಕಿದವನು ಅವಳ ಅಣ್ಣ, ಜಮೈಕದಲ್ಲಿ ಹುಟ್ಟಿದ ಕೂಲ್ ಹರ್ಕ್. ಹಾಡಿನ ನಡುವೆ ತಾಳವಷ್ಟೇ ಉಳಿಯುವ ತುಣುಕಿಗೆ ಹುಡುಗರು ಹೆಚ್ಚು ಹುರುಪಿನಿಂದ ಕುಣಿಯುವುದನ್ನು ಗಮನಿಸಿ, ಒಂದೇ ರೆಕಾರ್ಡಿನ ಎರಡು ಪ್ರತಿಗಳನ್ನಿಟ್ಟು ಅದನ್ನು ಲಂಬಿಸುವ ವಿಧಾನವನ್ನು ಈತ ರೂಢಿಸಿದ. ಸೆನೆಟ್ 2021ರಲ್ಲಿ ಆ ತಾರೀಖಿಗೆ ಮನ್ನಣೆ ನೀಡಿತಾದರೂ ಇದೆಲ್ಲ ಒಂದೇ ರಾತ್ರಿಯ ಹುಟ್ಟಲ್ಲ; ಪಾರ್ಟಿಯಿಂದ ಪಾರ್ಟಿಗೆ ಬೆಳೆದದ್ದು. ಮೊದಲ ಕೆಲವು ವರ್ಷ ಇದು ಹರಡಿದ್ದು ಕೈಯಿಂದ ಕೈಗೆ ದಾಟಿದ ಕ್ಯಾಸೆಟ್‌ಗಳ ಮೂಲಕ. 1979ರಲ್ಲಿ ಭಾರಿ ಯಶಸ್ಸು ಕಂಡ ‘ರ‍್ಯಾಪರ್ಸ್ ಡಿಲೈಟ್’ ಕೂಡ ಬ್ರಾಂಕ್ಸ್‌ನ ಈ ಪಾರ್ಟಿಗಳಲ್ಲಿ ಪಳಗಿದ ತಂಡದ್ದಲ್ಲ. ನ್ಯೂಜೆರ್ಸಿಯಲ್ಲಿ ನಿರ್ಮಾಪಕಿ ಸಿಲ್ವಿಯಾ ರಾಬಿನ್ಸನ್ ಕೂಡಿಸಿದ ತಂಡದ್ದು.

ಯುವಕರು ಏನು ಕೇಳುತ್ತಿದ್ದರೆಂಬುದಕ್ಕೆ 1991ಕ್ಕೆ ಮುಂಚಿನ ಜನಪ್ರಿಯತೆಯ ಪಟ್ಟಿಗಳು ಗಟ್ಟಿ ಸಾಕ್ಷಿಯಲ್ಲ. ಅಲ್ಲಿಯವರೆಗೆ ಬಿಲ್‌ಬೋರ್ಡ್ ಪತ್ರಿಕೆಯ ಆಲ್ಬಂ ಪಟ್ಟಿ ಅಂಗಡಿಯವರ ಬಾಯಿಮಾತನ್ನು ನೆಚ್ಚಿತ್ತು. ಆ ಮೇ ತಿಂಗಳಿಂದ ಬಾರ್‌ಕೋಡ್ ಮೂಲಕ ಮಾರಾಟದ ಲೆಕ್ಕ ಸಿಗತೊಡಗಿತು, ಮರುತಿಂಗಳೇ ಎನ್‌.ಡಬ್ಲ್ಯು.ಎ. ಎಂಬ ರ‍್ಯಾಪ್ ತಂಡದ ಆಲ್ಬಂ ಮೊದಲ ಸ್ಥಾನದಲ್ಲಿತ್ತು. 2017ರಲ್ಲಿ, ನೀಲ್ಸನ್ ಸಂಸ್ಥೆಯ ಲೆಕ್ಕದಂತೆ, ಹಿಪ್ ಹಾಪ್ ಮತ್ತು ರಿದಮ್ ಅಂಡ್ ಬ್ಲೂಸ್ ಒಟ್ಟಾಗಿ ಅಮೆರಿಕದಲ್ಲಿ ರಾಕ್ ಸಂಗೀತವನ್ನು ಹಿಂದಿಕ್ಕಿದವು.