ಊಬಿನ ಹುಲ್ಲು ಮತ್ತು ತಡಿಯಂಡಮೋಳ್ ಕಾಡುದಾರಿ

ಹಾರೋಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ಇನ್ನೂ ಕಟ್ಟಡ ಏಳದ ನಿವೇಶನಗಳ ಅಂಚಿನಲ್ಲಿ, ಮಳೆಗಾಲ ಮುಗಿದ ಮೇಲೆ ನಡೆದು ನೋಡಿ. ಮೊಣಕಾಲಿನವರೆಗೆ ಹುಲ್ಲಿನ ಬೀಜಗಳು ಚುಚ್ಚಿಕೊಂಡಿರುತ್ತವೆ. ಒಂದನ್ನು ಕಿತ್ತು ಅಂಗೈ ಮೇಲೆ ಇಟ್ಟುಕೊಳ್ಳಿ. ಚೂಪಾದ ಬೀಜ, ಅದರ ಹಿಂದೆ ಹಗ್ಗದಂತೆ ಹೊಸೆದುಕೊಂಡ ಕಂದುಬಣ್ಣದ ಉದ್ದನೆಯ ಊಬು. ಅದರ ಮೇಲೆ ಒಂದು ಹನಿ ನೀರು ಬಿಡಿ. ಹೊಸೆತ ಬಿಚ್ಚಿಕೊಳ್ಳುತ್ತಾ ಊಬು ತಾನಾಗಿ ತಿರುಗತೊಡಗುತ್ತದೆ. ಬಿಸಿಲಿಗೆ ಹಿಡಿದರೆ ಮತ್ತೆ ಹೊಸೆದುಕೊಳ್ಳುತ್ತದೆ. ರಾಮನಗರ, ಮಾಗಡಿ, ಕನಕಪುರದ ಒಣ ಗುಡ್ಡಗಳಲ್ಲಿ ದನ ಕಾಯುವ ಮಕ್ಕಳಿಗೆ ಇದೊಂದು ಆಟ.

ಇನ್ನೂರು ವರ್ಷಗಳ ಹಿಂದೆ ಈ ಹುಲ್ಲು ಒಂದು ವೈಜ್ಞಾನಿಕ ಉಪಕರಣದ ಭಾಗವಾಗಿತ್ತು. ಅದನ್ನು ರಚಿಸಿದವರು ಹೆನ್ರಿ ಕೇಟರ್ (1777–1835). ಹೌದು, ನಮ್ಮ ಬಿ.ಎಸ್ಸಿ. ಪ್ರಯೋಗಶಾಲೆಗಳಲ್ಲಿ ಗುರುತ್ವ ವೇಗೋತ್ಕರ್ಷವನ್ನು ಕಂಡುಹಿಡಿಯಲು ವಿದ್ಯಾರ್ಥಿಗಳು ತೂಗುಬಿಡುವ 'ಕೇಟರ್ ಲೋಲಕ'ದ ಕೇಟರ್ ಅವರೇ. ಲೋಲಕ ರೂಪುಗೊಂಡದ್ದು ಲಂಡನ್ನಿನಲ್ಲಿ, 1817ರಲ್ಲಿ. ಅದಕ್ಕೆ ಹತ್ತು ವರ್ಷ ಮೊದಲು, 1807ರಲ್ಲಿ, 'ಏಷಿಯಾಟಿಕ್ ರಿಸರ್ಚಸ್' ಪತ್ರಿಕೆಯ 9ನೆಯ ಸಂಪುಟದಲ್ಲಿ ಅವರ ಆರ್ದ್ರತಾಮಾಪಕದ ವಿವರಣೆ ಪ್ರಕಟವಾಯಿತು. ಅದರಲ್ಲಿ ಹುಲ್ಲಿನ ಹೆಸರನ್ನು ಕನ್ನಡದಲ್ಲೇ ಕೊಟ್ಟಿದ್ದಾರೆ: 'ಊಬಿನ ಹುಲ್ಲು'. ಇಂದಿನ ಸಸ್ಯಶಾಸ್ತ್ರೀಯ ಹೆಸರು ಹೆಟೆರೊಪೋಗಾನ್ ಕಾಂಟಾರ್ಟಸ್.

ಒಬ್ಬ ಸೈನ್ಯಾಧಿಕಾರಿಗೆ ಗಾಳಿಯ ತೇವವನ್ನು ಅಳೆಯುವ ಅಗತ್ಯವಾದರೂ ಏನಿತ್ತು? ಉತ್ತರಕ್ಕಾಗಿ ನಾವು ಬೆಟ್ಟ ಹತ್ತಬೇಕು.

ಮೂರು ಸರ್ವೇಕ್ಷಣೆಗಳು

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಕೂಡಲೇ ಮೈಸೂರು ಸೀಮೆಯನ್ನು ಅಳೆಯುವ ಕೆಲಸ ಮೂರು ದಿಕ್ಕಿನಿಂದ ಆರಂಭವಾಯಿತು. ಕಾಲಿನ್ ಮೆಕೆಂಜಿ ಊರು, ಕೆರೆ, ಗಡಿಗಳ ನಕ್ಷೆ ಬರೆಯತೊಡಗಿದರು. ಫ್ರಾನ್ಸಿಸ್ ಬುಕಾನನ್ 1800–01ರಲ್ಲಿ ಊರೂರು ಸುತ್ತಿ ಬೆಳೆ, ಕಸುಬುಗಳನ್ನು ದಾಖಲಿಸಿದರು. ಮೂರನೆಯವರು ವಿಲಿಯಂ ಲ್ಯಾಂಬ್ಟನ್. ಅವರ ಪ್ರಶ್ನೆ ಭೌತವಿಜ್ಞಾನದ್ದು: ಭೂಮಿಯ ನಿಜವಾದ ಆಕಾರವೇನು? ಪರ್ಯಾಯ ದ್ವೀಪದ ಒಂದು ಕಡಲಿನಿಂದ ಇನ್ನೊಂದು ಕಡಲಿಗೆ ಇರುವ ದೂರ ಎಷ್ಟು?

ವಿಧಾನ ತ್ರಿಕೋನಮಾಪನದ್ದು. ಸಮತಟ್ಟಾದ ನೆಲದಲ್ಲಿ ಕೆಲವು ಮೈಲಿ ಉದ್ದದ ಆಧಾರ ರೇಖೆಯನ್ನು ಉಕ್ಕಿನ ಸರಪಣಿಯಿಂದ ಅಳೆಯಬೇಕು. ಅದರ ಎರಡು ತುದಿಗಳಿಂದ ದೂರದ ಬೆಟ್ಟವೊಂದನ್ನು ನೋಡಿ ಕೋನಗಳನ್ನು ಅಳೆದರೆ ತ್ರಿಕೋನದ ಉಳಿದ ಎರಡು ಬಾಹುಗಳು ಲೆಕ್ಕದಿಂದ ಸಿಗುತ್ತವೆ. ಆ ಬಾಹುಗಳೇ ಮುಂದಿನ ತ್ರಿಕೋನಗಳಿಗೆ ಆಧಾರ. 1802ರ ಏಪ್ರಿಲ್‌ನಲ್ಲಿ ಮದರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ ಆಧಾರ ರೇಖೆಯ ಅಳತೆ ಆರಂಭವಾಯಿತು. ಅಲ್ಲಿಂದ ತ್ರಿಕೋನಗಳ ಮಾಲೆ ಪಶ್ಚಿಮಕ್ಕೆ ಸಾಗಿ ಬೆಂಗಳೂರಿಗೆ ಬಂದಾಗ, 1804ರಲ್ಲಿ ಅಲ್ಲಿಯೂ ಒಂದು ರೇಖೆಯನ್ನು ನೇರವಾಗಿ ಅಳೆದು ತಾಳೆ ನೋಡಿದರು. ಸುಮಾರು ಏಳು ಮೈಲಿ ಉದ್ದದಲ್ಲಿ ಲೆಕ್ಕಕ್ಕೂ ಅಳತೆಗೂ ಬಂದ ವ್ಯತ್ಯಾಸ ನಾಲ್ಕು ಅಂಗುಲದಷ್ಟೂ ಇರಲಿಲ್ಲ.

ಮುಂದಿನ ಮಾಲೆಗೆ ಮಾಗಡಿಯ ಸಾವನದುರ್ಗ ಒಂದು ಮುಖ್ಯ ಠಾಣೆಯಾಯಿತು. 1226 ಮೀಟರ್ ಎತ್ತರದ ಬೋಳು ಬಂಡೆ. ಮೇಲೆ ನಿಂತರೆ ಸುತ್ತಲಿನ ಸೀಮೆಯೆಲ್ಲ ಕಾಣುತ್ತದೆ. ಮೈದಾನದಲ್ಲಿ ಇಂಥ ಬೆಟ್ಟಗಳು ಸರ್ವೇಕ್ಷಕನಿಗೆ ವರ. ಆದರೆ ಮಾಲೆ ಪಶ್ಚಿಮಘಟ್ಟವನ್ನು ಸೇರಿದಾಗ ಪರಿಸ್ಥಿತಿ ಬದಲಾಯಿತು. ಅಲ್ಲಿ ಕೊಡಗಿನ ತಡಿಯಂಡಮೋಳ್, ಚಿಕ್ಕಮಗಳೂರು ಸೀಮೆಯ ಬಲ್ಲಾಳರಾಯನದುರ್ಗ ಮೊದಲಾದ ಶಿಖರಗಳನ್ನು ಠಾಣೆಗಳನ್ನಾಗಿ ಆರಿಸಿಕೊಳ್ಳಲಾಯಿತು. ಲ್ಯಾಂಬ್ಟನ್ ಅವರ ದೊಡ್ಡ ಥಿಯೊಡೊಲೈಟ್ ಸುಮಾರು ಅರ್ಧ ಟನ್ ತೂಕದ್ದು. ಅದರ ಅಡ್ಡವೃತ್ತದ ವ್ಯಾಸ ಮೂರು ಅಡಿ. ಅಂಥ ಉಪಕರಣಗಳನ್ನು, ಡೇರೆಗಳನ್ನು, ಬಾವುಟಗಳನ್ನು ಬೆಟ್ಟದ ನೆತ್ತಿಗೆ ಸಾಗಿಸಿದ್ದು ಮನುಷ್ಯರ ಭುಜಗಳು.

ಕಾಡಿನೊಳಗಿನ ದಾರಿ

ಇಂದು ತಡಿಯಂಡಮೋಳ್ ಏರುವವರು ಸಾಮಾನ್ಯವಾಗಿ ಕಕ್ಕಬ್ಬೆಯ ಬಳಿಯ ನಾಲ್ಕುನಾಡು ಅರಮನೆಯ ಕಡೆಯಿಂದ ಹೊರಡುತ್ತಾರೆ. ಅರಮನೆ ದೊಡ್ಡವೀರರಾಜೇಂದ್ರರ ಕಾಲದ್ದು, 1792ರದ್ದು. ಎಂದರೆ ಲ್ಯಾಂಬ್ಟನ್ ತಂಡ ಈ ಸೀಮೆಗೆ ಬಂದಾಗ ಅದಿನ್ನೂ ಹೊಸ ಕಟ್ಟಡ. ದಾರಿ ಮೊದಲು ಕಾಫಿ ತೋಟಗಳ ಪಕ್ಕದಲ್ಲಿ ಸಾಗಿ, ಬಳಿಕ ನಿತ್ಯಹರಿದ್ವರ್ಣ ಕಾಡಿನ ನೆರಳಿಗೆ ಬರುತ್ತದೆ. ಇನ್ನೂ ಮೇಲೆ ಹುಲ್ಲುಗಾವಲು ತೆರೆದುಕೊಳ್ಳುತ್ತದೆ. ಆದರೆ ಗುಡ್ಡಗಳ ಮಡಿಕೆಗಳಲ್ಲಿ ಮಾತ್ರ ಕಾಡು ಬಿಡುವುದಿಲ್ಲ. ಇದೇ ಶೋಲಾ. ಶಿಖರಕ್ಕೆ ಮುನ್ನ ಅಂಥದೊಂದು ಶೋಲಾದೊಳಗೆ ಕಡಿದಾಗಿ ಏರಬೇಕು. ಗಿಡ್ಡ ಮರಗಳು, ಕೊಂಬೆಗಳ ಮೇಲೆಲ್ಲ ಹಾವಸೆ, ಕಾಲಡಿಯಲ್ಲಿ ಮೆತ್ತನೆಯ ಎಲೆಗೊಬ್ಬರ. ಮಳೆಗಾಲದಲ್ಲಾದರೆ ಜಿಗಣೆಗಳ ಸ್ವಾಗತ. ಅದನ್ನು ದಾಟಿದರೆ 1748 ಮೀಟರ್ ಎತ್ತರದ ನೆತ್ತಿ.

ಆಫ್ರಿಕದ ಕಿಲಿಮಂಜಾರೋ, ರುವೆಂಜೋರಿ ಪರ್ವತಗಳ ಇಳಿಜಾರಿನ ಮಳೆಕಾಡಿನಲ್ಲಿ ನಡೆದವರ ವರ್ಣನೆಗಳನ್ನು ಓದಿದರೆ ಇದೇ ದೃಶ್ಯ ಕಣ್ಣಿಗೆ ಕಟ್ಟುತ್ತದೆ. ಸಸ್ಯ ಪ್ರಭೇದಗಳು ಬೇರೆ, ಎತ್ತರವೂ ಬಹಳ ಹೆಚ್ಚು. ಆದರೆ ಕಾಡನ್ನು ರೂಪಿಸುವ ಭೌತನಿಯಮ ಒಂದೇ. ಒಂದು ಸರಳ ಲೆಕ್ಕ ಮಾಡೋಣ. ಬೆಟ್ಟದ ಬುಡದಲ್ಲಿ ಗಾಳಿಯ ಉಷ್ಣತೆ 24 ಡಿಗ್ರಿ ಸೆಲ್ಸಿಯಸ್, ಇಬ್ಬನಿ ಬಿಂದು 20 ಡಿಗ್ರಿ ಎಂದಿಟ್ಟುಕೊಳ್ಳಿ. ಆಗ ಸಾಪೇಕ್ಷ ಆರ್ದ್ರತೆ ಸುಮಾರು ಶೇ. 78. ಗಾಳಿ ಇಳಿಜಾರಿಗೆ ತಾಗಿ ಮೇಲೇರುವಾಗ ಒತ್ತಡ ಕಡಿಮೆಯಾಗಿ ಹಿಗ್ಗುತ್ತದೆ. ಹಿಗ್ಗಿದಾಗ ಪ್ರತಿ ಕಿಲೋಮೀಟರಿಗೆ ಸುಮಾರು 9.8 ಡಿಗ್ರಿಯಂತೆ ತಣ್ಣಗಾಗುತ್ತದೆ. ಇಬ್ಬನಿ ಬಿಂದು ಕೂಡ ನಿಧಾನವಾಗಿ ಇಳಿಯುವುದರಿಂದ, ಎರಡರ ನಡುವಿನ ಪ್ರತಿ ಒಂದು ಡಿಗ್ರಿ ಅಂತರಕ್ಕೆ ಸುಮಾರು 125 ಮೀಟರ್ ಏರಿದರೆ ಗಾಳಿ ಸಂತೃಪ್ತವಾಗುತ್ತದೆ. ನಮ್ಮ ಉದಾಹರಣೆಯಲ್ಲಿ ಅಂತರ 4 ಡಿಗ್ರಿ. ಆದ್ದರಿಂದ ಬುಡದಿಂದ 500 ಮೀಟರ್ ಮೇಲೆ ಮೋಡ ಆರಂಭ. ಅಲ್ಲಿಂದ ಮೇಲಕ್ಕೆ ಮರಗಳು ಮೋಡದೊಳಗೇ ನಿಂತಿರುತ್ತವೆ. ಎಲೆ, ಹಾವಸೆಗಳಿಗೆ ತಾಗಿದ ಮಂಜಿನ ಹನಿಗಳು ಕೂಡಿಕೊಂಡು ತೊಟ್ಟಿಕ್ಕುತ್ತವೆ. ಮಳೆ ಬಾರದ ದಿನವೂ ಶೋಲಾದ ಕೆಳಗಿನ ನೆಲ ಒದ್ದೆಯಾಗಿರಲು ಇದು ಒಂದು ಕಾರಣ.

ಬೆಳಕೂ ಬಾಗುತ್ತದೆ

ಮೋಡ ಕವಿದರೆ ಸರ್ವೇಕ್ಷಕನ ಕೆಲಸ ನಿಲ್ಲುತ್ತದೆ. ಮೋಡ ಸರಿದರೂ ಇನ್ನೊಂದು ತೊಡಕು ಉಳಿಯುತ್ತದೆ. ಐವತ್ತು ಕಿಲೋಮೀಟರ್ ದೂರದ ಶಿಖರವನ್ನು ನೋಡಿ ಅದರ ಎತ್ತರವನ್ನು ಲೆಕ್ಕ ಹಾಕುವಾಗ ಭೂಮಿಯ ದುಂಡನ್ನು ಗಣನೆಗೆ ತೆಗೆದುಕೊಳ್ಳಬೇಕು. ದೂರದ ವರ್ಗವನ್ನು ಭೂವ್ಯಾಸದಿಂದ ಭಾಗಿಸಿದರೆ, ಆ ದೂರದಲ್ಲಿ ನೆಲ ಸುಮಾರು 196 ಮೀಟರ್ ಕೆಳಗೆ ಬಾಗಿರುತ್ತದೆ ಎಂದು ತಿಳಿಯುತ್ತದೆ. ಇದು ಖಚಿತವಾದ ಲೆಕ್ಕ. ಆದರೆ ಕೆಳಗಿನ ಗಾಳಿ ಸಾಂದ್ರ, ಮೇಲಿನ ಗಾಳಿ ವಿರಳ. ಹೀಗಾಗಿ ಶಿಖರದಿಂದ ಬರುವ ಬೆಳಕಿನ ಕಿರಣವೂ ಬಾಗಿಯೇ ಬರುತ್ತದೆ. ಶಿಖರ ಇದ್ದುದಕ್ಕಿಂತ ಎತ್ತರದಲ್ಲಿ ಕಾಣುತ್ತದೆ. ಐವತ್ತು ಕಿಲೋಮೀಟರಿಗೆ ಈ ವಕ್ರೀಭವನದ ಪಾಲು ಸುಮಾರು 25 ಮೀಟರ್. ಗಾಳಿಯ ಸ್ಥಿತಿಯಂತೆ ಅದು ಬೆಳಿಗ್ಗೆ ಒಂದು, ಮಧ್ಯಾಹ್ನ ಇನ್ನೊಂದು.

ಈ ತಿದ್ದುಪಡಿಗಾಗಿ ಗಾಳಿಯ ಒತ್ತಡವನ್ನೂ ಉಷ್ಣತೆಯನ್ನೂ ಅಳೆಯಲು ಆ ಕಾಲದಲ್ಲಿ ಉಪಕರಣಗಳಿದ್ದವು. ತೇವವನ್ನು ಅಳೆಯಲು 1783ರಲ್ಲಿ ಸೊಸ್ಯೂರ್ ಅವರು ವಿವರಿಸಿದ ಕೂದಲಿನ ಆರ್ದ್ರತಾಮಾಪಕವಿತ್ತು. ಆದರೆ ಅದರಲ್ಲಿ ಕೂದಲಿನ ಉದ್ದ ಬದಲಾಗುವುದು ಬಹಳ ಸ್ವಲ್ಪ. ಮೈಸೂರು ಸೀಮೆಯಲ್ಲಿ ಲ್ಯಾಂಬ್ಟನ್ ಅವರಿಗೆ ಸಹಾಯಕರಾಗಿದ್ದ ಕೇಟರ್, ಊಬಿನ ಹುಲ್ಲನ್ನು ಆರಿಸಿಕೊಂಡರು. ಊಬಿನ ತುಂಡನ್ನು ಒಂದು ತುದಿಯಲ್ಲಿ ಬಿಗಿದು, ಇನ್ನೊಂದು ತುದಿಗೆ ಮುಳ್ಳು ಜೋಡಿಸಿದರೆ, ಗಾಳಿಯ ತೇವ ಬದಲಾದಂತೆ ಮುಳ್ಳು ಸುತ್ತುತ್ತದೆ. ಊಬಿನ ಜೀವಕೋಶಗಳ ಗೋಡೆಯಲ್ಲಿ ನಾರೆಳೆಗಳು ಓರೆಯಾಗಿ ಸುರುಳಿ ಸುತ್ತಿವೆ. ನೀರು ಹೀರಿದಾಗ ಗೋಡೆ ನಾರಿನ ಉದ್ದಕ್ಕೆ ಹಿಗ್ಗದೆ ಅಡ್ಡಕ್ಕೆ ಹಿಗ್ಗುತ್ತದೆ; ಆದ್ದರಿಂದ ಇಡೀ ಊಬು ತಿರುಗುತ್ತದೆ. ಹುಲ್ಲಿಗೆ ಇದರಿಂದ ಆಗುವ ಲಾಭ ಬೇರೆ: ಹಗಲಿರುಳು ತೇವ ಏರಿಳಿದಂತೆ ತಿರುಗಿ ತಿರುಗಿ ಅದು ತನ್ನ ಬೀಜವನ್ನು ಮಣ್ಣಿಗೆ ಕೊರೆಯುತ್ತದೆ.

ಇಲ್ಲೊಂದು ಮಾತು ಹೇಳಬೇಕು. ಗೋಚರ ಬೆಳಕಿನ ವಕ್ರೀಭವನದ ಮೇಲೆ ನೀರಾವಿಯ ಪ್ರಭಾವ ತೀರ ಕಡಿಮೆ, ಎತ್ತರದೊಡನೆ ಉಷ್ಣತೆ ಬದಲಾಗುವ ದರವೇ ಮುಖ್ಯ ಎಂಬುದು ಇಂದು ನಮಗೆ ಗೊತ್ತು. ಆದರೆ ಅಳೆದು ನೋಡದೆ ಯಾವ ಅಂಶ ಚಿಕ್ಕದು ಎಂದು ತಿಳಿಯುವುದಾದರೂ ಹೇಗೆ? ವಿದ್ಯಾರ್ಥಿಗಳು ಪ್ರಯೋಗದ ಪುಸ್ತಕದಲ್ಲಿ 'ಉಪೇಕ್ಷಿಸಬಹುದು' ಎಂದು ಬರೆಯುವ ಪ್ರತಿ ಪದದ ಹಿಂದೆ ಯಾರೋ ಒಬ್ಬರು ಅಳೆದಿರುತ್ತಾರೆ.

ಮಾಲೆ ಪಶ್ಚಿಮದ ಕಡಲನ್ನು ಮುಟ್ಟಿದಾಗ, ಮದರಾಸಿನಿಂದ ಮಂಗಳೂರಿಗೆ ಸುಮಾರು 360 ಮೈಲಿ ಎಂದು ಗೊತ್ತಾಯಿತು. ಹಿಂದಿನ ನಕ್ಷೆಗಳು ಸುಮಾರು 40 ಮೈಲಿ ಹೆಚ್ಚು ತೋರಿಸುತ್ತಿದ್ದವು. ಈ ತಿದ್ದುಪಡಿಗೆ ತೆತ್ತ ಬೆಲೆ ಕಡಿಮೆಯಲ್ಲ. ಏಳು ವರ್ಷಗಳ ದುಡಿಮೆಯಲ್ಲಿ ಆರೋಗ್ಯ ಕೆಡಿಸಿಕೊಂಡ ಕೇಟರ್ 1808ರ ಹೊತ್ತಿಗೆ ಇಂಗ್ಲೆಂಡಿಗೆ ಹಿಂದಿರುಗಿದರು. ಲ್ಯಾಂಬ್ಟನ್ 1823ರಲ್ಲಿ ಕೆಲಸದ ನಡುವೆಯೇ ಹಿಂಗನಘಾಟ್‌ನಲ್ಲಿ ತೀರಿಕೊಂಡರು. ಇವರ ಹೆಸರುಗಳು ಗ್ರಂಥಗಳಲ್ಲಿವೆ. ಬಾವುಟ ಹಿಡಿದು ಮೋಡದಲ್ಲಿ ಕಾದವರು, ಗಿಡ ಸವರಿ ದಾರಿ ಮಾಡಿದವರು, ಹೊರೆ ಹೊತ್ತವರು ಹೆಸರಿಲ್ಲದೆ ಹೋದರು. 'ಊಬಿನ ಹುಲ್ಲು' ಎಂಬ ಎರಡು ಕನ್ನಡ ಪದಗಳು ಮಾತ್ರ ಇಂಗ್ಲಿಷ್ ಪ್ರಬಂಧದೊಳಗೆ ಉಳಿದುಕೊಂಡಿವೆ. ಆ ಹೆಸರನ್ನು ಹೇಳಿಕೊಟ್ಟದ್ದು ಈ ನೆಲದ ಒಬ್ಬ ಕನ್ನಡಿಗನ ಬಾಯಿ ಎಂಬುದಂತೂ ನಿಜ.

ಮರಳಿ ಹಾರೋಹಳ್ಳಿಗೆ

ಸರ್ವೇಕ್ಷಕರ ಕಣ್ಣಿಗೆ ಕಾಡು ನೋಟಕ್ಕೆ ಅಡ್ಡ ನಿಂತ ಪರದೆ. ನಾವು ಅದನ್ನು ಹಾಗೆ ನೋಡುವಂತಿಲ್ಲ. ತಡಿಯಂಡಮೋಳ್‌ನ ಕಕ್ಕಬ್ಬೆ ಕಡೆಯ ಇಳಿಜಾರಿನ ನೀರು ಸೇರುವುದು ಕಾವೇರಿಯನ್ನು. ಆ ಕಾವೇರಿಯ ನೀರನ್ನು ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿಗಳಲ್ಲಿ ಹಂತ ಹಂತವಾಗಿ ಮೇಲೆತ್ತಿ ಸುಮಾರು 100 ಕಿಲೋಮೀಟರ್ ದೂರದ ಬೆಂಗಳೂರಿಗೆ ಸಾಗಿಸುವ ಕೆಲಸ 1974ರಲ್ಲಿ ಆರಂಭವಾಯಿತು. ಕನಕಪುರ ರಸ್ತೆಯಲ್ಲಿ ಓಡಾಡುವ ನಮ್ಮ ವಿದ್ಯಾರ್ಥಿಗಳು ಹಾರೋಹಳ್ಳಿಯ ಪಂಪ್‌ಹೌಸನ್ನು ನೋಡಿದ್ದಾರೆ. ಅದರಲ್ಲಿ ಹಾಯುವುದು ಎಲ್ಲಿಯ ನೀರು ಎಂದು ಯೋಚಿಸಿದವರು ಕಡಿಮೆ.

ಒಟ್ಟು ಎತ್ತರ ಸುಮಾರು 500 ಮೀಟರ್. ಒಂದು ಸಾವಿರ ಲೀಟರ್ ನೀರನ್ನು ಅಷ್ಟು ಮೇಲೆತ್ತಲು ಬೇಕಾದ ಶಕ್ತಿ 1000 × 9.8 × 500, ಎಂದರೆ 49 ಲಕ್ಷ ಜೂಲ್, ಅಥವಾ ಸುಮಾರು 1.36 ಯೂನಿಟ್ ವಿದ್ಯುತ್ತು. ಇಲ್ಲಿ ಬಂದ 9.8 ಎಂಬ ಸಂಖ್ಯೆಯನ್ನು ನಿಖರಗೊಳಿಸಿದ ಉಪಕರಣಗಳಲ್ಲಿ ಕೇಟರ್ ಲೋಲಕವೂ ಒಂದು. 2024ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾದ ಐದನೆಯ ಹಂತದ ಸಾಮರ್ಥ್ಯ ದಿನಕ್ಕೆ 77.5 ಕೋಟಿ ಲೀಟರ್. ಅದೊಂದಕ್ಕೇ, ಪಂಪುಗಳಲ್ಲಿ ಏನೂ ನಷ್ಟವಾಗದಿದ್ದರೂ, ದಿನಕ್ಕೆ ಹತ್ತು ಲಕ್ಷ ಯೂನಿಟ್‌ಗೂ ಹೆಚ್ಚು ಬೇಕು. ಇದೇ ನೀರನ್ನು ಕಡಲಿನಿಂದ ಘಟ್ಟದ ನೆತ್ತಿಗೆ ಎತ್ತಿದ್ದು ಸೂರ್ಯ. ಅದಕ್ಕೆ ಯಾರೂ ಬಿಲ್ ಕಟ್ಟಲಿಲ್ಲ. ಸುರಿದ ನೀರನ್ನು ಒಮ್ಮೆಗೇ ಹರಿಯಬಿಡದೆ, ಎಲೆಗೊಬ್ಬರದ ನೆಲದಲ್ಲಿ ಹಿಡಿದು ಬೇಸಗೆಯವರೆಗೆ ತೊರೆಗೆ ಬಿಡುವುದು ಶೋಲಾ ಕಾಡು ಮತ್ತು ಅದರ ಸುತ್ತಲಿನ ಹುಲ್ಲುಗಾವಲು.

ಕಿಲಿಮಂಜಾರೋದ ಮೇಲ್ಭಾಗದ ಕಾಡು ಬೆಂಕಿಯಿಂದ ಕುಗ್ಗಿದಾಗ ಮಂಜಿನಿಂದ ಸಿಗುತ್ತಿದ್ದ ನೀರೂ ಕಡಿಮೆಯಾಗಿದೆ ಎಂದು ಅಲ್ಲಿನ ಅಧ್ಯಯನಗಳು ತೋರಿಸಿವೆ. ನಮ್ಮ ಘಟ್ಟಗಳಿಗೂ ಇದು ಎಚ್ಚರಿಕೆ. ಗಾಳಿ ಬಿಸಿಯಾಗಿ ಉಷ್ಣತೆಗೂ ಇಬ್ಬನಿ ಬಿಂದುವಿಗೂ ನಡುವಿನ ಅಂತರ ಎರಡು ಡಿಗ್ರಿ ಹೆಚ್ಚಿದರೆ, ಮೇಲಿನ ಲೆಕ್ಕದಂತೆ ಮೋಡದ ತಳ 250 ಮೀಟರ್ ಮೇಲೇರುತ್ತದೆ. 1748 ಮೀಟರಿಗೆ ಮುಗಿದುಹೋಗುವ ಬೆಟ್ಟದಲ್ಲಿ ಶೋಲಾ ಅಷ್ಟು ಮೇಲಕ್ಕೆ ಸರಿಯಲು ಜಾಗವಿಲ್ಲ.

ಶಿಕ್ಷಕರಿಗೆ ಒಂದು ಸೂಚನೆ. ಮಳೆಗಾಲ ಮುಗಿದ ಮೇಲೆ ಶಾಲೆಯ ಸುತ್ತ ಊಬಿನ ಹುಲ್ಲನ್ನು ಹುಡುಕಿ. ಊಬಿನ ಹೊಸೆದ ಭಾಗವನ್ನು ರಟ್ಟಿನ ಮೇಲೆ ಬಿಗಿದು, ತುದಿಗೆ ತೆಳುವಾದ ಕಾಗದದ ಮುಳ್ಳು ಅಂಟಿಸಿ, ಸುತ್ತ ವೃತ್ತ ಬರೆದು ಡಿಗ್ರಿ ಗುರುತಿಸಿ. ಒದ್ದೆ ಬಟ್ಟೆ ಮುಚ್ಚಿದ ಡಬ್ಬಿಯಲ್ಲಿ ಒಂದು ತುದಿ, ಬಿಸಿಲಲ್ಲಿ ಇನ್ನೊಂದು ತುದಿ ಗುರುತಿಸಿಕೊಂಡು, ಒಣ ಮತ್ತು ಒದ್ದೆ ಬಲ್ಬ್ ಉಷ್ಣತಾಮಾಪಕದೊಡನೆ ಹೋಲಿಸಿ ಒಂದು ತಿಂಗಳು ದಾಖಲಿಸಿ. ಪ್ರವಾಸಕ್ಕೆ ಕೊಡಗಿಗೆ ಹೋಗುವುದಾದರೆ, ಅರಣ್ಯ ಇಲಾಖೆಯ ಅನುಮತಿ ಪಡೆದು, ಆ ರಟ್ಟನ್ನೂ ಜೊತೆಗೆ ಒಯ್ಯಿರಿ. ಹಾರೋಹಳ್ಳಿಯ ಬಯಲಿನಲ್ಲಿ ಕಿತ್ತ ಊಬು ತಡಿಯಂಡಮೋಳ್‌ನ ಶೋಲಾದೊಳಗೆ ಎಷ್ಟು ಸುತ್ತು ಬಿಚ್ಚಿಕೊಳ್ಳುತ್ತದೆ ಎಂಬುದನ್ನು ಮಕ್ಕಳೇ ಎಣಿಸಲಿ.