ಉಷ್ಣವಲಯದ ಬೋನ್ಸಾಯ್‌ಗೆ ಕೃತಕ ಬೆಳಕು

ಉಷ್ಣವಲಯದ ಮರಗಳಿಂದ ರೂಪಿಸಿದ ಬೋನ್ಸಾಯ್‌ಗಳನ್ನು, ಹೊರಗಿನ ಹವೆ ಒಗ್ಗದ ತಿಂಗಳುಗಳಲ್ಲಿ ಮನೆಯೊಳಗಿರಿಸಿ ದೀಪದ ಬೆಳಕಿನಿಂದ ಪೋಷಿಸುವ ಪದ್ಧತಿ ಹಲವು ದೇಶಗಳಲ್ಲಿ ರೂಢಿಯಲ್ಲಿದೆ. ಹಿಮ ಬೀಳುವ ನಾಡುಗಳಲ್ಲಿ ಇದು ಚಳಿಗಾಲದ ವ್ಯವಸ್ಥೆ. ಕರ್ನಾಟಕದ ಬಹುಭಾಗದಲ್ಲಿ ಈ ಮರಗಳು ವರ್ಷವಿಡೀ ಬಯಲಿನಲ್ಲಿಯೇ ಬದುಕುತ್ತವೆ. ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳಂತಹ ಪ್ರದೇಶಗಳಲ್ಲಿ ಬೆಳಕಿನ ಕೊರತೆ ತಲೆದೋರುವುದು ಚಳಿಗಾಲದಲ್ಲಿ ಅಲ್ಲ, ಮಳೆಗಾಲದಲ್ಲಿ.

ಹಿನ್ನೆಲೆ

ಬೋನ್ಸಾಯ್ ಕಲೆ ಚೀನಾದ ಪೆನ್‌ಜಿಂಗ್ ಪರಂಪರೆಯಿಂದ ಕವಲೊಡೆದು ಜಪಾನಿನಲ್ಲಿ ಬೆಳೆದದ್ದು. ಅಲ್ಲಿ ಹೆಚ್ಚಾಗಿ ಬಳಸಿದ ಪೈನ್, ಜೂನಿಪರ್ ಮತ್ತು ಮೇಪಲ್‌ಗಳು ಸಮಶೀತೋಷ್ಣ ವಲಯದವು. ಅವುಗಳಿಗೆ ಪ್ರತಿವರ್ಷ ಕೆಲವು ವಾರಗಳ ಚಳಿ ಮತ್ತು ವಿಶ್ರಾಂತಿ ಅಗತ್ಯ. ಬೆಚ್ಚಗಿನ ಕೋಣೆಯಲ್ಲಿ ದೀಪದಡಿ ಇಟ್ಟರೆ ಒಂದೆರಡು ವರ್ಷಗಳಲ್ಲಿ ಸೊರಗುತ್ತವೆ. ಆಲ, ಅರಳಿ, ಬಸರಿ, ಗೋಣಿ, ಅತ್ತಿ ಮೊದಲಾದ ಫೈಕಸ್ ಕುಲದ ಮರಗಳು, ಹುಣಸೆ, ಬೋಗನ್‌ವಿಲ್ಲಾ, ಕಾರ್ಮೋನಾ, ಶೆಫ್ಲೆರಾ, ಅಡೇನಿಯಮ್ ಇವುಗಳಿಗೆ ಅಂಥ ಚಳಿಯ ಅವಶ್ಯಕತೆಯಿಲ್ಲ. ಉಷ್ಣತೆ ಸುಮಾರು 10 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದು ಹಾಗೆಯೇ ಉಳಿದರೆ ಇವುಗಳಲ್ಲಿ ಹೆಚ್ಚಿನವುಗಳಿಗೆ ಹಾನಿಯಾಗುತ್ತದೆ. ಶೀತ ದೇಶಗಳಲ್ಲಿ ಇವನ್ನು ಮನೆಯೊಳಗೆ ತರುವುದು ಈ ಕಾರಣಕ್ಕೆ.

ಒಳಗೆ ತಂದಾಗ ಚಳಿಯಿಂದ ರಕ್ಷಣೆ ದೊರೆಯುತ್ತದೆ, ಬೆಳಕು ಮಾತ್ರ ತಪ್ಪಿಹೋಗುತ್ತದೆ. ಮಾರುಕಟ್ಟೆಯಲ್ಲಿ ಪ್ರಚಲಿತವಾಗಿರುವ ‘ಒಳಾಂಗಣ ಬೋನ್ಸಾಯ್’ ಎಂಬ ಹೆಸರು ಈ ದೃಷ್ಟಿಯಿಂದ ದಾರಿ ತಪ್ಪಿಸುವಂಥದ್ದು. ಮನೆಯ ಒಳಗನ್ನೇ ತವರಾಗಿ ಹೊಂದಿದ ಮರ ಯಾವುದೂ ಇಲ್ಲ. ಕತ್ತಲನ್ನು ಕೆಲಕಾಲ ಸಹಿಸಬಲ್ಲ ಮರಗಳಿವೆ, ಅಷ್ಟೆ.

ಬೆಳಕಿನ ಪ್ರಮಾಣ

ಮನುಷ್ಯನ ಕಣ್ಣು ಮಂದ ಬೆಳಕಿಗೆ ಬೇಗ ಹೊಂದಿಕೊಳ್ಳುವುದರಿಂದ ಕೋಣೆಯ ಬೆಳಕನ್ನು ಕಣ್ಣಿನಿಂದ ಅಳೆಯುವುದು ಸಾಧ್ಯವಿಲ್ಲ. ನಿರಭ್ರ ಆಕಾಶದ ನಡುಹಗಲಿನಲ್ಲಿ ಬಯಲಿನ ಬೆಳಕು ಸುಮಾರು 1,00,000 ಲಕ್ಸ್ ಇರುತ್ತದೆ. ದೀಪ ಹೊತ್ತಿಸಿದ ವಾಸದ ಕೋಣೆಯಲ್ಲಿ ಅದು ಸಾಮಾನ್ಯವಾಗಿ 100ರಿಂದ 500 ಲಕ್ಸ್. ಅಂದರೆ ಬಯಲಿನ ಬೆಳಕಿನ ಶೇಕಡ ಅರ್ಧಭಾಗಕ್ಕಿಂತ ಹೆಚ್ಚಿಲ್ಲ. ದಟ್ಟವಾದ ನಿತ್ಯಹರಿದ್ವರ್ಣ ಕಾಡಿನ ನೆಲಕ್ಕೆ ಹೊರಗಿನ ಬೆಳಕಿನ ಶೇಕಡ ಒಂದೆರಡು ಭಾಗವಾದರೂ ತಲಪುತ್ತದೆ. ಸೊರಬದ ಕಾನುಗಳ ಒಳಗಿನ ನೆಲಕ್ಕಿಂತ ಓದುವ ಕೋಣೆಯ ಮೇಜು ಗಿಡದ ಪಾಲಿಗೆ ಹೆಚ್ಚು ಕತ್ತಲಾಗಿರಬಹುದು ಎಂದರೆ ಅತಿಶಯೋಕ್ತಿಯಲ್ಲ.

ಲಕ್ಸ್ ಎಂಬುದು ಮನುಷ್ಯನ ದೃಷ್ಟಿಯನ್ನು ಆಧರಿಸಿದ ಮಾನ. ಸಸ್ಯಗಳು ದ್ಯುತಿಸಂಶ್ಲೇಷಣೆಗೆ 400ರಿಂದ 700 ನ್ಯಾನೊಮೀಟರ್ ತರಂಗಾಂತರದ ಬೆಳಕನ್ನು ಬಳಸುತ್ತವೆ. ಈ ವ್ಯಾಪ್ತಿಯಲ್ಲಿ ಒಂದು ಚದರ ಮೀಟರಿನ ಮೇಲೆ ಪ್ರತಿ ಸೆಕೆಂಡಿಗೆ ಬೀಳುವ ಬೆಳಕಿನ ಕಣಗಳನ್ನು ಮೈಕ್ರೊಮೋಲ್‌ಗಳಲ್ಲಿ ಎಣಿಸುತ್ತಾರೆ. ಪೂರ್ಣ ಬಿಸಿಲಿನಲ್ಲಿ ಇದು ಸುಮಾರು 2,000. ಗಿಡಕ್ಕೆ ಮುಖ್ಯವಾದದ್ದು ಕ್ಷಣದ ಲೆಕ್ಕವಲ್ಲ, ದಿನದ ಮೊತ್ತ. 300 ಮೈಕ್ರೊಮೋಲ್ ನೀಡುವ ದೀಪ 14 ಗಂಟೆ ಉರಿದರೆ ದಿನಕ್ಕೆ ಸುಮಾರು 15 ಮೋಲ್ ಆಗುತ್ತದೆ. ಫೈಕಸ್ ಜಾತಿಗಳು ಒತ್ತಾದ ಸಣ್ಣ ಎಲೆಗಳೊಂದಿಗೆ ಬೆಳೆಯಲು ಇಷ್ಟು ಸಾಕು. 300 ಲಕ್ಸ್ ಬೆಳಕಿನ ಕೋಣೆಯಲ್ಲಿ ಹನ್ನೆರಡು ಗಂಟೆಗೆ ದೊರೆಯುವುದು ಕಾಲು ಮೋಲ್‌ಗಿಂತ ಕಡಿಮೆ.

ಕೊರತೆಯಾದ ಗಿಡ ಕೂಡಲೇ ಸಾಯುವುದಿಲ್ಲ. ಮೊದಲು ಗೆಣ್ಣುಗಳ ನಡುವಿನ ಅಂತರ ಉದ್ದವಾಗುತ್ತದೆ, ಎಲೆ ಅಗಲವಾಗಿ ತೆಳುವಾಗುತ್ತದೆ, ಅನಂತರ ಒಳಗಿನ ಸಣ್ಣ ಕೊಂಬೆಗಳು ಒಣಗುತ್ತವೆ. ಬೋನ್ಸಾಯ್‌ನ ಸೌಂದರ್ಯ ನಿಂತಿರುವುದು ಈ ಸಣ್ಣ ಕೊಂಬೆಗಳ ಮೇಲೆಯೇ. ಹತ್ತು ವರ್ಷಗಳ ದುಡಿಮೆ ಒಂದು ಋತುವಿನಲ್ಲಿ ಕಳೆದುಹೋಗಬಹುದು. ಸೊರಗಿದ ಗಿಡಕ್ಕೆ ಗೊಬ್ಬರ ಮತ್ತು ನೀರನ್ನು ಹೆಚ್ಚಿಸುವುದು ಸಾಮಾನ್ಯವಾಗಿ ಕಾಣುವ ತಪ್ಪು. ಬೆಳಕು ಕಡಿಮೆಯಾದಾಗ ಗಿಡ ನೀರನ್ನೂ ಕಡಿಮೆ ಹೀರುವುದರಿಂದ ಬೇರು ಕೊಳೆಯುತ್ತದೆ. ಅರಳಿಯ ವಿಷಯದಲ್ಲಿ ಒಂದು ಎಚ್ಚರಿಕೆ ಅಗತ್ಯ: ಅದು ಬೇಸಿಗೆ ಹೊಸ್ತಿಲಿನಲ್ಲಿ ಎಲೆಯುದುರಿಸಿ ಚಿಗುರುವುದು ಸಹಜ, ರೋಗವಲ್ಲ.

ದೀಪಗಳು

ಹಿಂದೆ ಪ್ರತಿದೀಪ್ತ ಕೊಳವೆ ದೀಪಗಳು ಮತ್ತು ಸೋಡಿಯಂ ದೀಪಗಳು ಬಳಕೆಯಲ್ಲಿದ್ದವು. ಈಗ ಅವುಗಳ ಸ್ಥಾನವನ್ನು ಎಲ್‌ಇಡಿಗಳು ಪಡೆದಿವೆ. ಬಿಳಿ ಎಲ್‌ಇಡಿಯನ್ನು ಸಾಧ್ಯವಾಗಿಸಿದ ನೀಲಿ ಎಲ್‌ಇಡಿಯ ಆವಿಷ್ಕಾರಕ್ಕಾಗಿ ಇಸಾಮು ಅಕಾಸಾಕಿ, ಹಿರೋಷಿ ಅಮಾನೊ ಮತ್ತು ಶುಜಿ ನಕಾಮುರ ಅವರಿಗೆ 2014ರ ಭೌತಶಾಸ್ತ್ರ ನೊಬೆಲ್ ಪ್ರಶಸ್ತಿ ದೊರೆಯಿತು. ಕೆಂಪು ಮತ್ತು ನೀಲಿ ಮಾತ್ರ ಬೆರೆತ ನೇರಳೆ ದೀಪಗಳಿಂದಲೂ ಗಿಡ ಬೆಳೆಯುತ್ತದೆ. ಆದರೆ ಆ ಬೆಳಕಿನಲ್ಲಿ ಎಲೆಯ ನಿಜವಾದ ಬಣ್ಣ ತಿಳಿಯದು, ಕೀಟ ಮತ್ತು ರೋಗ ಕಣ್ಣಿಗೆ ಬೀಳದು. ಮನೆಯ ಬಳಕೆಗೆ ಬಿಳಿ ದೀಪವೇ ಮೇಲು.

ದೀಪವನ್ನು ಗಿಡದ ತುದಿಯಿಂದ ಸುಮಾರು 20ರಿಂದ 40 ಸೆಂಟಿಮೀಟರ್ ಮೇಲೆ ತೂಗುಹಾಕುವುದು ವಾಡಿಕೆ. ದೂರ ಹೆಚ್ಚಿದಂತೆ ಬೆಳಕು ಬೇಗನೆ ಕ್ಷೀಣಿಸುತ್ತದೆ. ಕೋಣೆಯ ಛಾವಣಿಗೆ ಅಂಟಿಸಿದ ದೀಪದಿಂದ ನೆಲದ ಗಿಡಕ್ಕೆ ಪ್ರಯೋಜನ ಅತ್ಯಲ್ಪ. ದಿನಕ್ಕೆ 12ರಿಂದ 16 ಗಂಟೆ ಉರಿಸಿ, ಉಳಿದ ಅವಧಿ ಕತ್ತಲು ಬಿಡಬೇಕು. ಇದಕ್ಕೆ ಟೈಮರ್ ಅನುಕೂಲ. 100 ವ್ಯಾಟ್‌ನ ದೀಪ ದಿನಕ್ಕೆ 14 ಗಂಟೆ ಉರಿದರೆ ತಿಂಗಳಿಗೆ ಸುಮಾರು 42 ಯೂನಿಟ್ ವಿದ್ಯುತ್ ತಗಲುತ್ತದೆ. ಒಳಗಿನ ಒಣ ಹವೆಯಲ್ಲಿ ನುಸಿ, ಹಿಟ್ಟುತಿಗಣೆ ಮತ್ತು ಶಲ್ಕಕೀಟಗಳ ಬಾಧೆ ಹೆಚ್ಚು.

ಶಿಕಾರಿಪುರ ಮತ್ತು ಸೊರಬ

ಈ ಎರಡೂ ತಾಲ್ಲೂಕುಗಳು 14 ಡಿಗ್ರಿ ಉತ್ತರ ಅಕ್ಷಾಂಶದ ಆಸುಪಾಸಿನಲ್ಲಿವೆ. ಡಿಸೆಂಬರಿನ ಅತಿ ಚಿಕ್ಕ ಹಗಲೂ ಇಲ್ಲಿ ಸುಮಾರು 11 ಗಂಟೆ 15 ನಿಮಿಷ ಇರುತ್ತದೆ. ಅದೇ ದಿನ ಟೊರಾಂಟೊದಲ್ಲಿ ಹಗಲು ಸುಮಾರು 9 ಗಂಟೆ, ಲಂಡನ್ನಿನಲ್ಲಿ 8 ಗಂಟೆಗಿಂತ ಕಡಿಮೆ. ಶಿಕಾರಿಪುರದಲ್ಲಿ ಆ ದಿನದ ನಡುಹಗಲಿನ ಸೂರ್ಯ ದಿಗಂತದಿಂದ 50 ಡಿಗ್ರಿಗೂ ಮೇಲಿರುತ್ತಾನೆ, ಲಂಡನ್ನಿನಲ್ಲಿ 15 ಡಿಗ್ರಿಯಷ್ಟೇ. ಮಾಗಿಯ ತಿಂಗಳುಗಳಲ್ಲಿ ಇಲ್ಲಿನ ಆಕಾಶ ತಿಳಿಯಾಗಿರುವುದರಿಂದ ಬೋನ್ಸಾಯ್‌ಗೆ ಬಿಸಿಲಿನ ಕೊರತೆಯಿಲ್ಲ. ರಾತ್ರಿಯ ಚಳಿಯೂ ಆಲ, ಬಸರಿಗಳನ್ನು ಒಳಗೆ ತರಬೇಕಾದಷ್ಟು ತೀವ್ರವಲ್ಲ. ಆ ಮರಗಳು ಈ ನಾಡಿನವೇ.

ಆಷಾಢ, ಶ್ರಾವಣಗಳ ಸ್ಥಿತಿ ಬೇರೆ. ಸೊರಬದ ಪಶ್ಚಿಮ ಭಾಗ ಮಲೆನಾಡಿನ ಮಳೆಯನ್ನು ಪಡೆಯುತ್ತದೆ. ಪೂರ್ವಕ್ಕೆ ಶಿಕಾರಿಪುರದ ಕಡೆ ಸಾಗಿದಂತೆ ಮಳೆ ಇಳಿಮುಖವಾಗಿ ಅರೆಮಲೆನಾಡಿನ ಹವೆ ಕಾಣಿಸುತ್ತದೆ. ಗಾಢ ಮೋಡದ ದಿನ ಬಯಲಿನ ಬೆಳಕೇ 10,000 ಲಕ್ಸ್ ಆಸುಪಾಸಿಗೆ ಇಳಿಯಬಹುದು. ಫೈಕಸ್‌ಗಳು, ನೀರು ಬಸಿದುಹೋಗುವ ಮಿಶ್ರಣದಲ್ಲಿ ನೆಟ್ಟಿದ್ದರೆ, ಇದನ್ನೂ ಮಳೆಯನ್ನೂ ತಾಳಿಕೊಳ್ಳುತ್ತವೆ; ಅವನ್ನು ಹೊರಗೇ ಬಿಡುವುದು ಒಳಿತು. ತೊಡಕಾಗುವುದು ಅಡೇನಿಯಮ್‌ನಂತಹ ಒಣನಾಡಿನ ಗಿಡಗಳಿಗೆ. ಮಳೆಗೆ ಬಿಟ್ಟರೆ ಅದರ ದಪ್ಪ ಕಾಂಡ ಕೊಳೆಯುತ್ತದೆ; ಸೂರಿನಡಿ ಜಗಲಿಗೆ ತಂದರೆ, ಎಲ್ಲಕ್ಕಿಂತ ಹೆಚ್ಚು ಬಿಸಿಲು ಬೇಡುವ ಆ ಗಿಡ ಕತ್ತಲಿಗೆ ಸಿಲುಕುತ್ತದೆ. ಇಲ್ಲಿ ದೀಪದ ಉಪಯೋಗ ನಿಜವಾಗಿ ಇರುವುದು ಈ ಮೂರು ನಾಲ್ಕು ತಿಂಗಳುಗಳಿಗೆ. ಹಾಗಿದ್ದರೂ ಪಾರದರ್ಶಕ ಹಾಳೆಯ ಚಪ್ಪರ ದೀಪಕ್ಕಿಂತ ಅಗ್ಗ ಮತ್ತು ಉತ್ತಮ. ಮಳೆ ತಡೆಯುತ್ತದೆ, ಇರುವಷ್ಟು ಬೆಳಕನ್ನು ಬಿಡುತ್ತದೆ, ಗಾಳಿಮಳೆಗೆ ವಿದ್ಯುತ್ ಕಡಿತವಾದ ದಿನಗಳಲ್ಲಿಯೂ ಕೆಲಸ ಮಾಡುತ್ತದೆ.

ಫೈಕಸ್ ಬೀಜಗಳನ್ನು ಹಕ್ಕಿಗಳು ಹರಡುವುದರಿಂದ ಹಳೆಯ ಗೋಡೆ, ಬಾವಿಕಟ್ಟೆಗಳ ಬಿರುಕುಗಳಲ್ಲಿ ಸಸಿಗಳು ತಾವಾಗಿ ಹುಟ್ಟುತ್ತವೆ. ಕಾಡಿನಲ್ಲಿಯೂ ಇವು ಅನೇಕ ವೇಳೆ ಬೇರೆ ಮರದ ಎತ್ತರದ ಕೊಂಬೆಯ ಮೇಲೆ, ಬೆಳಕಿರುವಲ್ಲಿ, ಬಾಳನ್ನು ಆರಂಭಿಸುತ್ತವೆ. ಅಲ್ಪ ಮಣ್ಣಿನಲ್ಲಿ ಬದುಕುವ ಗುಣವೂ ಬೆಳಕಿನ ಹಂಬಲವೂ ಅವುಗಳಿಗೆ ಬಂದದ್ದು ಹೀಗೆ. ಮನೆಯ ಗೋಡೆಯಿಂದ ಹೇಗೂ ಕಿತ್ತೆಸೆಯುವ ಇಂಥ ಸಸಿ ಬೋನ್ಸಾಯ್‌ಗೆ ಒಳ್ಳೆಯ ಮೂಲ. ಬಳ್ಳಿಗಾವಿಯ ಕೇದಾರೇಶ್ವರ ದೇವಾಲಯದಂತಹ ಸಂರಕ್ಷಿತ ಸ್ಮಾರಕಗಳ ಗೋಡೆಯಿಂದ ಸಸಿ ಕೀಳುವುದು ಕಲ್ಲಿನ ಸಂದುಗಳಿಗೆ ಅಪಾಯಕಾರಿ. ಅದು ಪುರಾತತ್ತ್ವ ಇಲಾಖೆಯ ಕೆಲಸ. ಅರಣ್ಯ ಪ್ರದೇಶದ ಕಾನುಗಳಿಂದ ಅನುಮತಿಯಿಲ್ಲದೆ ಗಿಡ ತೆಗೆಯುವಂತಿಲ್ಲ.

ಕರ್ನಾಟಕದ ಇತರೆಡೆ

ಮೈಸೂರಿನ ಅವಧೂತ ದತ್ತಪೀಠದ ಕಿಷ್ಕಿಂಧಾ ಮೂಲಿಕಾ ಬೋನ್ಸಾಯ್ ಉದ್ಯಾನ ಮತ್ತು ಬೆಂಗಳೂರಿನ ಲಾಲ್‌ಬಾಗ್‌ನ ಬೋನ್ಸಾಯ್ ವಿಭಾಗಗಳಲ್ಲಿ ಮರಗಳನ್ನು ಬಯಲಿನಲ್ಲಿಯೇ ನೋಡಬಹುದು. ಕೋಲಾರ, ಚಿಕ್ಕಬಳ್ಳಾಪುರದ ಕಡೆ ಸೇವಂತಿಗೆ ಹೊಲಗಳಲ್ಲಿ ರಾತ್ರಿ ಉರಿಯುವ ದೀಪಗಳ ಸಾಲನ್ನು ಕಂಡವರು ಅದನ್ನೂ ಇದೇ ವಿಧಾನವೆಂದು ಭಾವಿಸುವುದುಂಟು. ಅವು ಬೇರೆ. ಸೇವಂತಿಗೆ ರಾತ್ರಿ ದೀರ್ಘವಾದಾಗ ಹೂಬಿಡುವ ಗಿಡ. ಮಂದ ದೀಪದಿಂದ ರಾತ್ರಿಯನ್ನು ಮೊಟಕುಗೊಳಿಸಿ ಹೂವನ್ನು ಮುಂದೂಡುತ್ತಾರೆ. ಅಲ್ಲಿ ಬೆಳಕು ಗಿಡಕ್ಕೆ ಸೂಚನೆ, ಬೋನ್ಸಾಯ್‌ನಲ್ಲಿ ಅದು ಆಹಾರದ ಮೂಲ.

ವಿದೇಶಗಳಲ್ಲಿ

ಉತ್ತರ ಅಮೆರಿಕ ಮತ್ತು ಯೂರೋಪಿನಲ್ಲಿ ನೆಲೆಸಿದ ಭಾರತೀಯ ಕುಟುಂಬಗಳು ಕರಿಬೇವು, ತುಳಸಿ, ಮಲ್ಲಿಗೆಗಳನ್ನು ಚಳಿಗಾಲದಲ್ಲಿ ಒಳಗೆ ತಂದು ದೀಪದಡಿ ಉಳಿಸಿಕೊಳ್ಳುವುದು ಸಾಮಾನ್ಯ. ಕನ್ನಡಿಗರ ಮನೆಗಳೂ ಇದಕ್ಕೆ ಹೊರತಲ್ಲ. ಬೋನ್ಸಾಯ್‌ಗೂ ಇದೇ ಕ್ರಮ. ಊರಿನಿಂದ ಗಿಡವನ್ನು ಒಯ್ಯುವ ಆಸೆಗೆ ಸಸ್ಯ ಸಂಪರ್ಕತಡೆ ನಿಯಮಗಳು ಅಡ್ಡಿ: ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು, ಕುಂಡದ ಮಣ್ಣನ್ನು ಒಯ್ಯಲು ಸಾಮಾನ್ಯವಾಗಿ ಅವಕಾಶವಿಲ್ಲ. ಫೈಕಸ್ ಸಸಿಗಳು ಅಲ್ಲಿಯೇ ದೊರೆಯುತ್ತವೆ.

ರಾತ್ರಿಯ ಉಷ್ಣತೆ 10 ಡಿಗ್ರಿಯತ್ತ ಇಳಿಯುವ ಮೊದಲೇ, ಸುಮಾರು 13 ಡಿಗ್ರಿ ಇರುವಾಗ, ಗಿಡವನ್ನು ಒಳಗೆ ತರುವುದು ಕ್ಷೇಮ. ಸ್ಥಳ ಬದಲಾದಾಗ ಫೈಕಸ್ ಕೆಲವು ಎಲೆಗಳನ್ನು ಉದುರಿಸುತ್ತದೆ; ದೀಪ ಸಮರ್ಪಕವಾಗಿದ್ದರೆ ಕೆಲವು ವಾರಗಳಲ್ಲಿ ಮತ್ತೆ ಚಿಗುರುತ್ತದೆ. ವಸಂತದಲ್ಲಿ ಹೊರಗಿಡುವಾಗ ಒಮ್ಮೆಲೇ ಬಿಸಿಲಿಗೆ ಒಡ್ಡಬಾರದು. ದೀಪದಡಿ ಮೂಡಿದ ಎಲೆಗಳು ಒಂದೇ ಮಧ್ಯಾಹ್ನದ ಬಿಸಿಲಿಗೆ ಸುಟ್ಟುಹೋಗಬಹುದಾದ್ದರಿಂದ ಮೊದಲ ವಾರ ನೆರಳಿನಲ್ಲಿ, ಎರಡನೆಯ ವಾರ ಬೆಳಗಿನ ಎಳೆಬಿಸಿಲಿನಲ್ಲಿ ಇರಿಸಿ, ಅನಂತರ ಬಯಲಿಗೆ ಬಿಡುತ್ತಾರೆ.